ಇನ್ನೊಂದು ಸಲ

ಎಂಟು ಗಂಟೆಗೆ, ಬಾಗಿಲು ತೆರೆಯುವ ಮುಂಚೆ,
ಮಖಮಲ್ಲಿನ ಡಬ್ಬಿಯಿಂದ ಉಕ್ಕಿನ ಗುಂಡು ತೆಗೆದು
ಗಲ್ಲ ಊರುವ ತಾವಿನಲ್ಲಿ ಕೂರಿಸುತ್ತೇನೆ.
ಗೋಲಿಯಷ್ಟಿದೆ. ಬೆಳಕಿನ ಬಳೆಗಳು ಅದರ ಮೇಲೆ ಬಿದ್ದು
ಒಂದರೊಳಗೊಂದು ತೆಪ್ಪಗೆ ಕೂರುತ್ತವೆ.
ಎಂಟು ಮಿಲಿಮೀಟರು. ಎಂಟು. ಇನ್ನೊಂದು ಸಲ, ಎಂಟು.
ಗುಂಡಿಗೆ ರೆಪ್ಪೆಯಿಲ್ಲ,
ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದದ್ದಲ್ಲ.
ಯಂತ್ರ ಸರಿ ಇದೆ ಎಂದು ಪುಸ್ತಕದಲ್ಲಿ ಬರೆದು ರುಜು ಹಾಕುತ್ತೇನೆ.
ಉಕ್ಕಿನ ಮಟ್ಟಿಗೆ ಸರಿ ಇದೆ.

ಇವತ್ತು ಮೊದಲು ಬಂದವನು ನೊಲ್ಬೆರ್ತೊ,
ವಾಲ್ಪರೈಸೊ ಬಂದರಿನ ಕ್ರೇನು ನಡೆಸುವವನು.
ನಲವತ್ತು ಮೀಟರು ಮೇಲೆ, ಗಾಜಿನ ಗೂಡಿನಲ್ಲಿ,
ಕಾಲಡಿಯ ಪೆಟ್ಟಿಗೆಯ ನಾಲ್ಕು ಮೂಲೆಯ ತೂತಿಗೆ
ನಾಲ್ಕು ಕೊಕ್ಕೆ ಇಳಿಸುವ ಕೆಲಸ.
ಹೋದ ಚಳಿಗಾಲದಿಂದ, ಅಂದ, ಐದನೆಯ ಮೂಲೆಯೊಂದು ಕಾಣುತ್ತಿದೆ.

ವರ್ಷದ ಹಿಂದೆ ಅವನ ಬಲಗಣ್ಣು ನಲವತ್ತೇಳು ಪಾಯಿಂಟ್ ಎರಡು.
ಒಂದು ಅಂಕಿ ಏರಿದ್ದರೆ ರೋಗ ಓಡುತ್ತಿದೆ ಎಂದರ್ಥ,
ಕ್ರೇನಿನಿಂದ ಇಳಿಯಬೇಕು.
ಏರದಿದ್ದರೆ ಕನ್ನಡಕದ ಚೀಟಿ ಸಾಕು.

ಈ ಕೋಣೆಯ ಯಂತ್ರ: ನಲವತ್ತೆಂಟು ಪಾಯಿಂಟ್ ಆರು.
ಇನ್ನೊಂದು ಸಲ: ನಲವತ್ತೇಳು ಪಾಯಿಂಟ್ ಒಂಬತ್ತು.
ಇನ್ನೊಂದು ಸಲ ಎನ್ನುವಾಗ ನನ್ನ ದನಿ ನನಗೇ ಇಷ್ಟವಾಗಲಿಲ್ಲ.

ಆಚೆ ಕೋಣೆಯ ಹೊಸದು
ಮೂರು ಸಲವೂ ನಲವತ್ತೇಳು ಪಾಯಿಂಟ್ ಒಂದು, ಕೂದಲೆಳೆ ಹೆಚ್ಚುಕಮ್ಮಿಯಿಲ್ಲ.
ತಪ್ಪು ಮಗ್ಗಿ ಬಾಯಿಪಾಠ ಮಾಡಿದ ಹುಡುಗನೂ
ಹೀಗೇ ಒಪ್ಪಿಸುತ್ತಾನೆ.

ಹಳೆಯ ಡಾಕ್ಟರು ಬಿಟ್ಟುಹೋದದ್ದೊಂದಿದೆ, ಕೈಯಲ್ಲಿ ತಿರುಗಿಸುವಂಥದ್ದು.
ನಲವತ್ತೇಳೂ ಮುಕ್ಕಾಲು ಅಂತು.
ಆದರೆ ತಿರುಪು ನನ್ನ ಕೈಯಲ್ಲಿತ್ತು,
ಅವನ ಮಗಳ ಕಾಲೇಜು ಫೀಸಿನ ವಿಷಯ ಆಗಲೇ ಕಿವಿಗೆ ಬಿದ್ದಿತ್ತು.

ಯಾವುದು ನಿಜ, ಸೆಞೋರಾ ಎಲ್ಸಿರಾ?
ಒಂದೇ ಯಂತ್ರ ಇದ್ದಾಗ ನಿಜ ಇತ್ತು,
ಮೂರಾದ ಮೇಲೆ ಸರಾಸರಿ ಇದೆ
ಎನ್ನಲು ಹೋಗಿ ನುಂಗಿಕೊಂಡೆ.
ಕಣ್ಣಾರೆ ಕಂಡದ್ದನ್ನೂ ಪ್ರಮಾಣಿಸಿ ನೋಡಬೇಕು, ಸರಿ.
ಕಣ್ಣನ್ನೇ ಪ್ರಮಾಣಿಸುವಾಗ ಯಾರ ಕಣ್ಣು ತರುವುದು?

ಆಗ ಪರದೆಯ ಮೇಲೆ ನೋಡಿದೆ:
ಬಳೆಗಳ ಕೆಳಬದಿ ಹರಿದು, ಇರುವೆ ಸಾಲಿನ ಹಾಗೆ ಚದುರಿತ್ತು.
ರೆಪ್ಪೆ ಬಡಿಯುತ್ತೀರಾ? ಕೇಳಿದೆ.
ಇಲ್ಲವೇ ಇಲ್ಲ, ಅಂದ, ಹೆಮ್ಮೆಯಿಂದ.
ಮೂವತ್ತು ಟನ್ನು ಗಾಳಿಯಲ್ಲಿ ತೂಗುವಾಗ ಯಾರಾದರೂ ಬಡಿಯುತ್ತಾರೆಯೇ?
ಎರಡು ರಾತ್ರಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನಂತೆ,
ಕಣ್ಣು ಗಟ್ಟಿಯಿದೆ ಎಂದು ಯಂತ್ರಕ್ಕೆ ತೋರಿಸಲು.

ಅಯ್ಯೋ ಮಾರಾಯ.
ಯಂತ್ರ ಮುಟ್ಟುವುದು ಕಣ್ಣನ್ನಲ್ಲ,
ಕಣ್ಣಿನ ಮೇಲಿನ ನೀರನ್ನು.
ಬಡಿಯದ ಕಣ್ಣು ಒಣಗುತ್ತದೆ, ಒಣಗಿದಲ್ಲಿ ಬೆಳಕು ಎಡವುತ್ತದೆ,
ಎಡವಿದ್ದನ್ನೂ ಇದು ಪಾಯಿಂಟ್ ಹಾಕಿ ಬರೆಯುತ್ತದೆ.

ಬಡಿಯಿರಿ, ಅಂದೆ. ಮತ್ತೆ. ಚೆನ್ನಾಗಿ ಬಡಿಯಿರಿ.
ನಾಚಿದ ಹುಡುಗಿಯಂತೆ ಬಡಿದ, ನಕ್ಕ, ನಕ್ಕು ಕಣ್ಣಲ್ಲಿ ನೀರು ತುಂಬಿ
ಅದೂ ಹೆಚ್ಚಾಯಿತು. ಕಾದೆವು.
ಕೆಳಗೆ ಯಾವುದೋ ಹಡಗು ಎರಡು ಸಲ ಕೂಗಿತು.

ನಲವತ್ತೇಳು ಪಾಯಿಂಟ್ ಎಂಟು. ಏಳು. ಎಂಟು.

ಒಂದು ಅಂಕಿ ಏರಿಲ್ಲ. ಏರಿಯೇ ಇಲ್ಲ ಎನ್ನುವಂತೆಯೂ ಇಲ್ಲ.
ಬಂದರು ಕಂಪನಿಯ ಫಾರಮಿನಲ್ಲಿ ಒಂದೇ ಒಂದು ಚೌಕ,
ಒಂದು ಸಂಖ್ಯೆಗೆ ಆಗುವಷ್ಟು.
ಅದರಲ್ಲಿ ಅಂಕಿಗಳನ್ನು ಸಾಸಿವೆಯಷ್ಟು ಚಿಕ್ಕದಾಗಿ ಬರೆದು
ಪಕ್ಕದಲ್ಲಿ ತುರುಕಿದೆ: ಅರ್ಧ ಆಚೆ, ಅರ್ಧ ಈಚೆ.
ಮೂರು ತಿಂಗಳಿಗೆ ಬನ್ನಿ, ಇದೇ ಯಂತ್ರಕ್ಕೆ, ನಿದ್ದೆ ಮಾಡಿ ಬನ್ನಿ.

ಗುಮಾಸ್ತ ಅದನ್ನು ಓದುತ್ತಾನೋ ಇಲ್ಲವೋ.
ನೊಲ್ಬೆರ್ತೊ ಮೆಟ್ಟಿಲಿಳಿಯುತ್ತಾ, ಒಂದು ಕಣ್ಣು ಮುಚ್ಚಿ,
ದೂರದ ಕ್ರೇನಿನ ಕೊಕ್ಕೆ ಎಣಿಸುತ್ತಿದ್ದ.